ಮೈನಸ್ ನಲವತ್ತರ ಕೋಣೆ

ದೀಪ ಸಣ್ಣದು ಮಾಡಿ, ಹತ್ತಿರ ಬನ್ನಿ. ಇದು ಅವರಿವರಿಂದ ಕೇಳಿದ್ದಲ್ಲ, ನಮ್ಮ ಅಕ್ಕನ ಗಂಡನಿಗೇ ಆದದ್ದು.

ಭಾವ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಧ್ರುವಪ್ರದೇಶದ ಹಿಮದಲ್ಲೂ ಕೈಕೊಡದ ಯಂತ್ರ ಮಾಡುವುದು ಹೇಗೆಂದು ಹುಡುಗರಿಗೆ ಕಲಿಸುತ್ತಾರೆ. ಅದಕ್ಕೆಂದೇ ಅಲ್ಲೊಂದು ಶೀತಕೋಣೆ ಇದೆ. ಒಳಗೆ ಮೈನಸ್ ನಲವತ್ತು ಡಿಗ್ರಿ. ದೆವ್ವ ಅಂದರೆ "ಅದರ ತೂಕ ಎಷ್ಟಂತೆ?" ಎಂದು ಹಲ್ಲು ಕಿಸಿಯುವ ಆಸಾಮಿ ನಮ್ಮ ಭಾವ.

ಹಿಂದೆ ಹುಡುಗನೊಬ್ಬ ಒಬ್ಬನೇ ಒಳಗೆ ಸಿಕ್ಕಿಬಿದ್ದು, ಬಾಗಿಲ ಬುಡದಲ್ಲೇ ಕುಸಿದು ಸತ್ತ ಮೇಲೆ, ಆ ಕೋಣೆಗೆ ಒಬ್ಬರೇ ಹೋಗಬಾರದೆಂದು ಕಟ್ಟಪ್ಪಣೆ. ಹೊರಗೊಬ್ಬ ನಿಂತು ಐದು ನಿಮಿಷಕ್ಕೊಮ್ಮೆ ಬಾಗಿಲಿಗೆ ಎರಡು ಸಲ ಬಡಿಯಬೇಕು. ಒಳಗಿನವನು ಎರಡು ಸಲ ಬಡಿದು ಉತ್ತರ ಕೊಡಬೇಕು. ಕೊಡದಿದ್ದರೆ ಬಾಗಿಲು ತೆಗೆದು ಈಚೆಗೆ ಎಳೆಯುವುದು.

ಆ ರಾತ್ರಿ ಭಾವ ಮನೆಗೆ ಹೊರಟು ಕಾಲೇಜಿನ ಹಿಂದಿನ ಹಳೇ ಬಾವಿ ದಾಟಿದ್ದರು. ಸೆಖೆ... ಒಂದೆಲೆ ಅಲ್ಲಾಡುತ್ತಿಲ್ಲ. ಆಗ ನೆನಪಾಯಿತು, ಶೀತಕೋಣೆಯಲ್ಲಿ ಪರೀಕ್ಷೆಗಿಟ್ಟ ಮೋಟಾರಿನ ಅಳತೆ ಬರೆದುಕೊಂಡಿಲ್ಲ. ಎರಡು ನಿಮಿಷದ ಕೆಲಸಕ್ಕೆ ಯಾರನ್ನು ಕರೆಯುವುದು! ವಾಪಸು ಬಂದು, ದಪ್ಪ ಕೋಟು ಏರಿಸಿ ಒಳಹೊಕ್ಕರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಧಪ್.

ಬರೆದುಕೊಂಡು ತಿರುಗಿದರೆ, ಒಳಗಿನಿಂದ ತಳ್ಳಿ ತೆಗೆಯುವ ಸರಳೇ ಇಲ್ಲ. ಚಳಿಗೆ ಗಟ್ಟಿಯಾಗದ ಹೊಸ ಗ್ರೀಸು ಹಚ್ಚಲೆಂದು ಹುಡುಗರು ಆ ಸರಳನ್ನು ಬಿಚ್ಚಿ ಹೊರಗಿನ ಮೇಜಿನ ಮೇಲೆ ಇಟ್ಟುಕೊಂಡಿದ್ದರು. "ಭೇಷ್, ಬಿಚ್ಚಿ" ಎಂದವರು ಇವರೇ! ಫೋನೂ ಕೈಗವಸೂ ಅದೇ ಮೇಜಿನ ಮೇಲೆ.

ಕೂಗಿದರು. ಮೊಳ ದಪ್ಪದ ಗೋಡೆ... ಯಾರಿಗೆ ಕೇಳಬೇಕು? ಫ್ಯಾನು ಗುಂಯ್ ಅನ್ನುತ್ತಿತ್ತು, ಅಷ್ಟೇ. ಹತ್ತು ನಿಮಿಷಕ್ಕೆ ಬೆರಳು ಮರಗಟ್ಟಿದವು. ಆಮೇಲೆ ಹಾಯಾಗಿ ನಿದ್ದೆ ಬರತೊಡಗಿತು. ಅಂಥ ಚಳಿಯಲ್ಲಿ ಆ ನಿದ್ದೆ ಬಂದರೆ ಕತೆ ಮುಗಿದ ಹಾಗೇ ಎಂದು ವರ್ಷವರ್ಷ ಪಾಠ ಮಾಡಿದವರು ಅವರು. ಮಗಳ ಮುಖ ನೆನೆದು ಗಳಗಳ ಅತ್ತರಂತೆ.

ಆಗ... ಟಕ್. ಟಕ್.

ಹೊರಗಿನಿಂದ! ಭಾವ ಎದ್ದೆನೋ ಬಿದ್ದೆನೋ ಎಂದು ಹೋಗಿ ಬಡಿದರು. ಟಕ್, ಟಕ್.

"ಯಾರಪ್ಪಾ? ಬಾಗಿಲು ತೆಗಿ!"

"ನನ್ನ ಕೈಲಿ ಆಗಲ್ಲ ಸಾರ್..." ಪಿಸುಮಾತು. ಕೂಗಿದರೂ ದಾಟದ ಬಾಗಿಲನ್ನು ಅದು ಹೇಗೆ ದಾಟಿತೋ!

"ಹಂಗಾದ್ರೆ ಯಾರನ್ನಾದ್ರೂ ಕರಿ!"

"ಮಲಗಬೇಡಿ ಸಾರ್. ಬಡೀತಾ ಇರಿ..."

ಐದೈದು ನಿಮಿಷಕ್ಕೆ ಅದೇ ಸದ್ದು. ಭಾವನೂ ಬಡಿದರು, ಕೊನೆಕೊನೆಗೆ ಬೆರಳು ಮಡಚಲಾಗದೆ ಮೊಣಕೈಯಿಂದ. ಏಳನೇ ಸಲಕ್ಕೆ ಬಾಗಿಲು ತೆರೆಯಿತು. ಗಸ್ತಿಗೆ ಬಂದ ಕಾವಲುಗಾರ.

"ಒಳಗೆ ಬಡಿಯೋ ಸದ್ದು ಕೇಳ್ತು ಸಾರ್, ಅದಕ್ಕೇ ತೆಗೆದೆ."

"ಹೊರಗೆ ನಿಂತಿದ್ದೋನು ಎಲ್ಲಿ?"

"ಇಲ್ಲಿ ಯಾರೂ ಇಲ್ವಲ್ಲ ಸಾರ್..."

ಭಾವನ ಎರಡು ಬೆರಳು ಹೋದವು, ಜೀವ ಉಳಿಯಿತು. ನಂಬುವುದು ಬಿಡುವುದು ನಿಮ್ಮಿಷ್ಟ. ಮಾರನೇ ದಿನ ಮಧ್ಯಾಹ್ನ ನಾನೇ ಹೋಗಿ ನೋಡಿದೆ. ಬಾಗಿಲಿನ ಹೊರಮೈ ಬೆಚ್ಚಗಿತ್ತು. ಅದರ ಮೇಲೆ, ನೆಲಕ್ಕೆ ಕುಸಿದು ಕೂತವನ ಕೈಗೆ ಎಟಕುವಷ್ಟು ಕೆಳಗೆ, ನಾಲ್ಕು ಬೆರಳ ಗೆಣ್ಣಿನ ಗುರುತು, ಬೆಳ್ಳಗೆ ಹೆಪ್ಪುಗಟ್ಟಿದ ಮಂಜು. ಆ ಸೆಖೆಯಲ್ಲೂ ಕರಗಿರಲಿಲ್ಲ. ನನ್ನ ಕೈಯಾರೆ ಮುಟ್ಟಿದ್ದೇನೆ.