ಒಡೆದ ಬಿಲ್ಲೆಯ ಮೇಲಿನ ರೊಟ್ಟಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಈ ಹೊಸ ಪ್ರಯೋಗಾಲಯವನ್ನು ಉದ್ಘಾಟಿಸಿದ ಅತಿಥಿಗಳೇ, ನಮ್ಮ ತಂಡದ ಮುಖ್ಯಸ್ಥರಾದ ಹಣಮಂತರಾಯ ಸರ್ ಅವರೇ, ಬಿಸಿಲಲ್ಲಿ ನಡೆದು ಬಂದ ಶಹಾಬಾದಿನ ಸಭಿಕರೇ,

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಅಂಬರಾಯ, ಇಲ್ಲಿನ ಭಟ್ಟಿಗೆ ಬೆಂಕಿ ಹಾಕುವವನು. ಬಡತನದಿಂದ ಶಾಲೆ ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅದು ನಿಜವಲ್ಲ. ಏಳನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ನನ್ನ ಲೆಕ್ಕ ತಪ್ಪಿತು. ಮಾಸ್ತರರು ಆ ಪಾಟಿಯನ್ನು ನನ್ನ ಕೊರಳಿಗೆ ಕಟ್ಟಿ ಎಲ್ಲ ತರಗತಿಗಳ ಮುಂದೆ ನಡೆಸಿದರು. ಮೂರನೆಯ ತರಗತಿಯಲ್ಲಿ ನನ್ನ ತಂಗಿ ಕೂತಿದ್ದಳು. ಅವಳು ತಲೆ ಎತ್ತಲಿಲ್ಲ. ಮರುದಿನದಿಂದ ನಾನು ಹೋಗಲಿಲ್ಲ.

ಉದ್ಘಾಟನೆಯ ದಿನ ಇದೆಲ್ಲ ಯಾಕೆ ಎನ್ನುತ್ತೀರಾ? ಇಷ್ಟು ಸಣ್ಣ ತಂಡದಿಂದ ಇಷ್ಟು ಸಂಶೋಧನೆ ಹೇಗೆ ಹೊರಬಂತು ಎಂದು ಅತಿಥಿಗಳು ಬೆಳಿಗ್ಗೆ ಕೇಳಿದರು. ಸರ್ ನಕ್ಕು, ‘ಅಂಬರಾಯ ಹೇಳ್ತಾನ, ಕೇಳ್ರಿ’ ಅಂದರು. ಭಟ್ಟಿಯವನ ಕೈಗೆ ಮೈಕು ಕೊಟ್ಟಿದ್ದಾರೆ. ಇನ್ನು ನಿಮ್ಮ ಹಣೆಬರಹ.

ಕಲ್ಲು ಪಾಲಿಶ್ ಮಾಡುವಾಗ ಹಳ್ಳಕ್ಕೆ ಹರಿದುಹೋಗುವ ಪುಡಿಯಿಂದ ನೆಲಕ್ಕೆ ಹಾಸುವ ಬಿಲ್ಲೆ ಮಾಡಬಹುದೇ? ಇದು ನಮ್ಮವರ ಸಂಶೋಧನೆ. ಹಳೆಯ ತಗಡಿನ ಶೆಡ್ಡಿನಲ್ಲಿ ಎಲ್ಲರಿಗೂ ಒಂದೇ ಪಡಸಾಲೆ. ಹಸಿ ಬಿಲ್ಲೆಗಳು ಒದ್ದೆ ಗೋಣಿತಟ್ಟಿನ ಕೆಳಗೆ ಆರುತ್ತಿದ್ದುದು ಅಲ್ಲೇ, ಊಟವೂ ಅಲ್ಲೇ. ಭಟ್ಟಿಯಲ್ಲಿ ಯಾರದಾದರೂ ಬಿಲ್ಲೆ ಒಡೆದರೆ ನಮ್ಮಲ್ಲೊಂದು ಪದ್ಧತಿ. ಅಡುಗೆಯ ಸಾಬಮ್ಮ ತಂದ ಮೊದಲ ರೊಟ್ಟಿಯನ್ನು ಆ ಒಡೆದ ಬಿಲ್ಲೆಯ ಮೇಲೆಯೇ ಇಟ್ಟು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ, ಅವರಿಗೇ ಕೊಡುವುದು. ತಿನ್ನುತ್ತ ಅವರು ಏನು ಕೆಟ್ಟಿತು ಎಂದು ಹೇಳಬೇಕು. ಉಳಿದವರು ಕೇಳಬೇಕು. ನಮ್ಮ ತಂಡದ ಗುಲಾಮ್ ರಸೂಲ್ ಸಾಹೇಬರಂತೂ ಹಸಿವಾದ ದಿನ, ‘ಯಾ ಅಲ್ಲಾ, ಇವತ್ತ ನಂದೇ ಒಡೀಲಿ’ ಎಂದು ಭಟ್ಟಿಯ ಮುಂದೆ ಕೂರುತ್ತಿದ್ದರು.

ಆಮೇಲೆ ಕೆಲಸ ಇನ್ನೂ ಹೆಚ್ಚಾಗಲೆಂದು, ಒಳ್ಳೆಯ ಮನಸ್ಸಿನಿಂದಲೇ, ಸರ್ ಶೆಡ್ಡಿನ ಹಿಂದೆ, ತಮಗೂ ಸೇರಿ, ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕಟ್ಟಿಸಿದರು. ಪಡಸಾಲೆಯಲ್ಲಿ ಒಂದು ಹಲಗೆ ತೂಗುಹಾಕಿದರು. ಯಾರ ಬಿಲ್ಲೆ ಗಟ್ಟಿಯಾಯಿತೋ ಅವರ ಹೆಸರು ಅದರ ಮೇಲೆ. ಹೆಸರು ಬಾರದವರಿಗೆ ಮುಂದಿನ ವರ್ಷ ತಂಡದಲ್ಲಿ ಜಾಗವಿಲ್ಲ. ಸರ್, ತಪ್ಪು ತಿಳಿಯಬೇಡಿರಿ. ಆ ಹಲಗೆ ನೋಡಿದಾಗಲೆಲ್ಲ ನನ್ನ ಕೊರಳು ತುರಿಸುತ್ತಿತ್ತು.

ಆ ಬೇಸಿಗೆ ಹಲಗೆ ಖಾಲಿಯೇ ಉಳಿಯಿತು. ರೊಟ್ಟಿಗಳು ಮುಚ್ಚಿದ ಬಾಗಿಲುಗಳ ಹಿಂದೆ ಹೋದವು. ಒಡೆದ ಬಿಲ್ಲೆಗಳು ಎಲ್ಲಿಗೆ ಹೋದವು? ಹಿಂದಿನ ಹಾಳು ಗಣಿಯ ಗುಂಡಿಗೆ. ಪ್ರತಿಯೊಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಎಸೆದು ಬರುತ್ತಿದ್ದರು.

ಬಸ್ಸಮ್ಮನವರು ಮನೆಯವರನ್ನು ಎದುರುಹಾಕಿಕೊಂಡು ಚಿತ್ತಾಪುರದಿಂದ ಬಂದು ಸಂಶೋಧನೆಗೆ ಸೇರಿದವರು. ಒಂದು ದಿನ ನೋಡಿದರೆ ಟ್ರಂಕಿನಲ್ಲಿ ಸೀರೆ ಮಡಚಿ ಇಡುತ್ತಿದ್ದಾರೆ.

‘ಎಲ್ಲಿಗಿ ಹೊಂಟ್ರಿ, ಅಕ್ಕೋರೆ?’

‘ಊರಿಗಿ. ಹಲಗಿ ಖಾಲಿ ಇದ್ರೂ ಯಾರೂ ಕೆಟ್ಟದ ಅಂದಿಲ್ಲ, ಎಲ್ಲಾರ ಕೆಲಸ ನಡ್ಯಾಕತ್ತದ. ನನಗೊಬ್ಬಾಕಿಗೇ ತಿಳಿವಲ್ದು, ಅಂಬರಾಯ.’

ಯಾರದೂ ನಡೆಯುತ್ತಿರಲಿಲ್ಲ! ಭಟ್ಟಿಯ ಬಾಯಿ ತೆರೆಯುವವನು ನಾನು, ನನಗೆ ಗೊತ್ತಿತ್ತು. ಅವರ ಮುಂದೆ ಸುಳ್ಳು ಹೇಳುವುದು ನನ್ನಿಂದಾಗದು, ಸುಮ್ಮನಿರುವುದೂ ಆಗದು. ಗುಂಡಿಗಿಳಿದು ಬಿಲ್ಲೆಗಳನ್ನು ಹೊತ್ತು ತಂದು ಪಡಸಾಲೆಯಲ್ಲಿ ಸಾಲಾಗಿ ಇಟ್ಟೆ. ಒಂದೊಂದರ ಮೇಲೆ ಒಂದೊಂದು ರೊಟ್ಟಿ ಹಾಕಿ ಊಟಕ್ಕೆ ಕೂಗಿದೆ.

ಮೊದಲು ಬಂದವರು ಗುಲಾಮ್ ರಸೂಲ್ ಸಾಹೇಬರು. ‘ಏ ಭಾಯ್, ಗುಂಡ್ಯಾಗ ದಫನ್ ಮಾಡಿದ್ದು ಮತ್ತ ಯಾಕ ತಗದಿ?’

‘ನಿಮ್ಮದೊಂದೇ ಅಲ್ಲರಿ, ಎಲ್ಲಾರವೂ ಅವ. ತಮ್ತಮ್ಮದು ಗುರುತ ಹಿಡದು ಕುಂದ್ರಿ.’

ಯಾರೂ ಕೂರಲಿಲ್ಲ. ಅಷ್ಟರಲ್ಲಿ ಸರ್ ಬಂದರು. ನನ್ನ ನೌಕರಿ ಮುಗಿಯಿತು ಅಂದುಕೊಂಡೆ. ಸರ್ ಸಾಲನ್ನು ನೋಡಿದರು, ನಮ್ಮನ್ನು ನೋಡಿದರು. ಚಪ್ಪಲಿ ಬಿಟ್ಟು, ಮೂಲೆಯ ಬಿಲ್ಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

‘ಇದು ನಂದು ಅದ,’ ಅಂದರು. ‘ಹಿಂಡಿ ಎಲ್ಲಿ?’

ಆಮೇಲೆ ಒಬ್ಬೊಬ್ಬರೇ ಕೂತರು. ಬಸ್ಸಮ್ಮನವರು ರೊಟ್ಟಿ ಎತ್ತಿ ತಮ್ಮ ಬಿಲ್ಲೆಯ ಬಿರುಕು ನೋಡಿದರು, ಪಕ್ಕದವರದು ನೋಡಿದರು. ‘ಏನ್ರಿ ಇದು, ಎಲ್ಲಾವೂ ಒಂದೇ ಬಾಜೂ ಸೀಳ್ಯಾವ! ನೀವೂ ಕಿಡಕಿ ಹತ್ರ ಒಣಗಿಸೀರೇನು?’

ಎಲ್ಲರೂ ಕಿಟಕಿಯ ಹತ್ತಿರವೇ ಒಣಗಿಸಿದ್ದರು! ಪಡಸಾಲೆಯ ಗೋಣಿತಟ್ಟಿನ ಕೆಳಗೆ ನಿಧಾನವಾಗಿ ಆರುತ್ತಿದ್ದ ಬಿಲ್ಲೆಗೆ ಕೋಣೆಯಲ್ಲಿ ಬಿಸಿಗಾಳಿ ಒಂದೇ ಕಡೆಯಿಂದ ಹೊಡೆಯುತ್ತಿತ್ತು. ಒಂದೇ ತೊಂದರೆಯನ್ನು ಅಷ್ಟೂ ಜನ ಬೇರೆ ಬೇರೆ ಬಾಗಿಲು ಹಾಕಿಕೊಂಡು ಅನುಭವಿಸಿದ್ದರು. ಸಂಜೆಯೊಳಗೆ ಹಸಿ ಬಿಲ್ಲೆಗಳೆಲ್ಲ ಪಡಸಾಲೆಗೆ ಬಂದವು. ಹಲಗೆಯನ್ನು ಸರ್ ತಾವೇ ಇಳಿಸಿದರು. ಇವತ್ತು ನೀವು ಹೊಗಳಿದ ಸಂಶೋಧನೆ ಆಮೇಲಿನದು.

ಅತಿಥಿಗಳೇ, ಹಣ ಬೇಕು, ಯಂತ್ರ ಬೇಕು. ಬೇಡ ಎನ್ನುವುದಿಲ್ಲ. ಆದರೆ ಕೆಟ್ಟದ್ದನ್ನು ಕೆಟ್ಟ ದಿನವೇ ಹೇಳಲು ಒಂದು ಜಾಗ ಬೇಕು. ಈ ಹೊಸ ಕಟ್ಟಡವನ್ನು ಸುತ್ತಿ ನೋಡಿದೆ. ಚೆಂದ ಇದೆ. ಎಲ್ಲ ಕೋಣೆಗಳಿಗೂ ಬೀಗ ಇದೆ, ಎಲ್ಲರೂ ಕೂತು ಉಣ್ಣುವ ಜಾಗ ಮಾತ್ರ ಇಲ್ಲ. ಮುಂದಿನ ದೊಡ್ಡ ಕೋಣೆಯನ್ನು ಊಟಕ್ಕೆ ಬಿಟ್ಟುಕೊಡಿ ಸರ್. ಬೇರೇನೂ ಕೇಳುವುದಿಲ್ಲ.

ಹೊಸ ವಿದ್ಯುತ್ ಭಟ್ಟಿಗೆ ಬೆಂಕಿ ಹಾಕುವವನು ಬೇಕಿಲ್ಲ. ಕಾವಲುಗಾರನಾಗಿ ಇರು ಅಂದರು ಸರ್. ಕೂತಲ್ಲೇ ಕೂರುವುದು ನನ್ನಿಂದಾಗದು. ಬಸ್ಸಮ್ಮನವರು ಇಲ್ಲೇ ಇರುತ್ತಾರೆ, ಅಷ್ಟು ಸಾಕು. ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ ನನ್ನ ನಮಸ್ಕಾರ. ನಾಳೆ ಬೆಳಗಿನ ಬಸ್ಸಿಗೆ ನಾನು, ಕಟ್ಟಿಗೆಯ ಭಟ್ಟಿ ಇನ್ನೂ ಉರಿಯುವ ಸುಲೇಪೇಟಕ್ಕೆ ಹೊರಡುತ್ತೇನೆ.