ಕಡ್ಡಿ ಡಾಕ್ಟರ ಕೈಗುಣ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಕಾರ್ಖಾನೆಯ ಮಾಲೀಕರೇ, ನನ್ನ ಬಗ್ಗೆ ಇಪ್ಪತ್ತು ನಿಮಿಷ ಒಳ್ಳೆಯದನ್ನೇ ಹೇಳಿ, ಇವರು ಯಾರ ವಿಷಯ ಹೇಳುತ್ತಿದ್ದಾರಪ್ಪಾ ಎಂದು ನಾನೇ ಹಿಂದೆ ತಿರುಗಿ ನೋಡುವಂತೆ ಮಾಡಿದ ಕಾರ್ಮಿಕ ಸಂಘದ ಕಾರ್ಯದರ್ಶಿಗಳೇ, ಲೇತು, ಗ್ರೈಂಡಿಂಗ್, ವೆಲ್ಡಿಂಗ್ ವಿಭಾಗಗಳ ಅಣ್ಣತಮ್ಮಂದಿರೇ, ಪ್ಯಾಕಿಂಗಿನ ಅಕ್ಕತಂಗಿಯರೇ, ಊಟದ ಹೊತ್ತಾದರೂ ಎದ್ದು ಹೋಗದ ಸಭಿಕರೇ,

ಮೂವತ್ತೊಂದು ವರ್ಷ ನಾನು ಇಲ್ಲಿ ಲೇತು ನಡೆಸಿದೆ. ಎಷ್ಟು ಶಾಫ್ಟು ತಿರುವಿದೆ ಎಂದು ಇವತ್ತು ಯಾರೂ ಹೇಳಲಿಲ್ಲ. ಹೇಳಿದ್ದೆಲ್ಲ ನನ್ನ ಇನ್ನೊಂದು ಕಸುಬಿನ ವಿಷಯ. ಕಣ್ಣಿಗೆ ಕಬ್ಬಿಣದ ಚೂರು ಬಿದ್ದವರನ್ನು ಸ್ಟೂಲಿನ ಮೇಲೆ ಕೂರಿಸಿ, ರೆಪ್ಪೆ ಮಗುಚಿ, ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ ಆ ಚೂರನ್ನು ತೆಗೆಯುವ ಕಸುಬು. ‘ಕಡ್ಡಿ ಡಾಕ್ಟರು’ ಎಂಬ ಬಿರುದು ಕೊಟ್ಟವರು ನೀವೇ. ಇವತ್ತು ಅದನ್ನು ಫಲಕದಲ್ಲಿ ಕೆತ್ತಿಸಿಯೂ ಕೊಟ್ಟಿದ್ದೀರಿ. ಈಗ ನನ್ನ ಕಡ್ಡಿಯ ಡಬ್ಬಿಯನ್ನೂ ಅಯಸ್ಕಾಂತವನ್ನೂ ಎರಡನೆಯ ಲೇತಿನ ತಮ್ಮನಿಗೆ ಇದೇ ವೇದಿಕೆಯಲ್ಲಿ ಹಸ್ತಾಂತರಿಸಬೇಕೆಂದು ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚಾಗಿದೆ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದಾನೆ. ತಮ್ಮಾ, ಏಳಬೇಡ. ನಾನು ಕೊಡುವುದಿಲ್ಲ. ಏಕೆ ಕೊಡುವುದಿಲ್ಲ ಎಂದು ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ.

ಕಣ್ಣು ಕೆಂಪಾಗಿದ್ದರೆ ನಮ್ಮ ಕಾರ್ಖಾನೆಯಲ್ಲಿ ಎರಡೇ ಅರ್ಥ. ಒಂದೋ ರಾತ್ರಿ ಕುಡಿದಿದ್ದಾನೆ, ಇಲ್ಲವೇ ಕಡ್ಡಿ ಡಾಕ್ಟರ ಹತ್ತಿರ ಹೋಗಬೇಕು. ಆದರೆ ಸಭಿಕರೇ, ಕೆಂಪು ಒಂದೇ ಆದರೂ ಕಾರಣ ಒಂದೇ ಏನು?

ಪ್ಯಾಕಿಂಗಿನ ಹಿರಿಯಕ್ಕ ಒಂದು ಬೆಳಗ್ಗೆ ಬಂದಾಗ ಬಿಳಿಗುಡ್ಡೆಯ ಅರ್ಧ ಭಾಗ ರಕ್ತದ ಬಣ್ಣ. ನೋವಿಲ್ಲ, ದೃಷ್ಟಿ ಮಂಜಾಗಿಲ್ಲ, ಗೀಜಿಲ್ಲ. ನಾವೆಲ್ಲ ಎಂಟು ದಿನ ಅವರ ಯಜಮಾನರನ್ನು ಗೇಟಿನಲ್ಲಿ ದುರುಗುಟ್ಟಿಕೊಂಡು ನೋಡಿದೆವು. ಸೊಳ್ಳೆಯ ಮೇಲೂ ಕೈ ಎತ್ತದ ಮನುಷ್ಯ ಅವರು. ಅಕ್ಕ ಕೆಮ್ಮಿದ ರಭಸಕ್ಕೆ ಒಂದು ಸಣ್ಣ ರಕ್ತನಾಳ ಒಡೆದಿತ್ತು, ಅಷ್ಟೇ. ಎರಡು ವಾರದಲ್ಲಿ ತಾನಾಗಿಯೇ ಹೋಯಿತು. ಯಜಮಾನರ ಮರ್ಯಾದೆ ಮಾತ್ರ ಇನ್ನೂ ಪೂರ್ತಿ ವಾಪಸು ಬಂದಿಲ್ಲ.

ಕ್ಯಾಂಟೀನಿನ ಅಡುಗೆಯಣ್ಣನದು ಬೇರೆ. ಬೆಳಗ್ಗೆ ಏಳುವಾಗ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿತ್ತು. ಅಂಟುವ ಕಣ್ಣುಬೇನೆ. ಮುಖ ತೊಳೆದು, ಬೇಸಿನ್ನಿನ ಪಕ್ಕ ನೇತುಹಾಕಿದ್ದ, ನಾವೆಲ್ಲರೂ ಒರೆಸಿಕೊಳ್ಳುವ ಆ ಒಂದೇ ಟವಲಿನಲ್ಲಿ ಒರೆಸಿಕೊಂಡ. ನಾಲ್ಕು ದಿನದಲ್ಲಿ ಮೂವತ್ತು ಜನ. ನೋಡಿದರೆ ಅಂಟುತ್ತದೆ ಎಂದು ನಂಬಿದ ನಮ್ಮ ಹಾಜರಿ ಗುಮಾಸ್ತರು ಕಪ್ಪು ಕನ್ನಡಕ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ನೆಟ್ಟಗೆ ಹೋಗಿ, ಅದೇ ಟವಲಿನಲ್ಲಿ ಮುಖ ಒರೆಸಿಕೊಂಡರು. ಕೈ ತೊಳೆಯುತ್ತಾ ಇದ್ದು, ಟವಲು ಬೇರೆ ಮಾಡಿ, ನಾಲ್ಕು ದಿನ ಮನೆಯಲ್ಲಿದ್ದಿದ್ದರೆ ಅಡುಗೆಯಣ್ಣನೊಬ್ಬನಲ್ಲೇ ಮುಗಿಯುತ್ತಿತ್ತು.

ಇನ್ನು ವೆಲ್ಡಿಂಗಿನ ನಮ್ಮ ‘ಆತುರಗಾರ’. ಮುಖಕ್ಕೆ ಗುರಾಣಿ ಹಿಡಿಯದೆ ಕಿಡಿ ಹೊತ್ತಿಸಿದ. ಕೆಲಸ ಬಿಡುವವರೆಗೆ ಏನೂ ಆಗಲಿಲ್ಲ. ಸಂಜೆ ನಮ್ಮ ಮನೆಗೇ ಓಡಿ ಬಂದ. "ಅಣ್ಣಾ, ಯಾರೋ ಕಣ್ಣಿಗೆ ಮರಳು ಎರಚಿದ ಹಾಗಿದೆ, ಬೇಗ ತೆಗೀರಿ" ಎಂದ. ಅವನ ಕಣ್ಣಲ್ಲಿ ಮರಳಿರಲಿಲ್ಲ, ಆ ಬೆಳಕಿನಿಂದ ಕಣ್ಣಿನ ಮೇಲ್ಪದರ ಸುಟ್ಟಿತ್ತು. ಆದರೆ ಏನೂ ಇಲ್ಲ ಎಂದರೆ ಡಾಕ್ಟರ ಮರ್ಯಾದೆ ಏನಾಗಬೇಕು? ಇಲ್ಲದ ಮರಳನ್ನು ಹತ್ತು ನಿಮಿಷ ಹುಡುಕಿದೆ. ದೇವರು ದೊಡ್ಡವನು, ಅವನ ಕಣ್ಣು ಉಳಿಯಿತು.

ಇಷ್ಟು ಹೊತ್ತು ನಾನು ಸುತ್ತಿ ಬಳಸಿ ಮಾತಾಡಿದ್ದು ಧೈರ್ಯ ಸಾಲದೆ. ಈಗ ಹೇಳುತ್ತೇನೆ.

ಗ್ರೈಂಡಿಂಗಿನಲ್ಲಿರುವ ನನ್ನ ಭಾವಮೈದ, ನಮ್ಮ ಮನೆಯವಳ ಒಡಹುಟ್ಟಿದ ತಮ್ಮ, ನಿಮಗೆಲ್ಲ ಗೊತ್ತು. ಅವನ ಬಲಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಇರುವುದೂ, ಆ ಕಣ್ಣು ಕಾಣದಿರುವುದೂ ಗೊತ್ತು. ಹೇಗಾಯಿತು ಎಂದು ಕೇಳಿದವರಿಗೆಲ್ಲ ಅವನು "ನಾನೇ ಉಜ್ಜಿಕೊಂಡೆ" ಎನ್ನುತ್ತಾನೆ. ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದಾನೆ. ಅದು ಸುಳ್ಳು.

ಅವತ್ತು ಚೂರು ಹಾರಿದಾಗ ಅವನು ಬಂದು ನನ್ನ ಸ್ಟೂಲಿನಲ್ಲೇ ಕೂತ. ಚೂರು ಕರಿಗುಡ್ಡೆಯಲ್ಲಿ ನಾಟಿತ್ತು. ಹತ್ತಿಗೂ ಬರಲಿಲ್ಲ, ಅಯಸ್ಕಾಂತಕ್ಕೂ ಬರಲಿಲ್ಲ. "ಭಾವ, ಬಿಡಿ, ನಾನು ಕಣ್ಣಿನ ಡಾಕ್ಟ್ರ ಹತ್ರ ಹೋಗ್ತೀನಿ" ಎಂದ. ಏಳೆಂಟು ಜನ ಸುತ್ತ ನಿಂತು ನೋಡುತ್ತಿದ್ದರು. "ನನ್ನ ಕೈಲಿ ಬರದೇ ಇರೋದು ಇನ್ಯಾರ ಕೈಲಿ ಬರುತ್ತೆ? ಅಲ್ಲಾಡದೆ ಕೂತ್ಕೊ" ಎಂದೆ. ಹತ್ತಿ ಬಿಚ್ಚಿ ಬರೀ ಕಡ್ಡಿಯ ತುದಿಯಿಂದ ಕೆದಕಿದೆ. ಬಂತು. ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದೆ. ಚಪ್ಪಾಳೆ ಬಿತ್ತು.

ಮರುದಿನ ಕಣ್ಣು ಕೆಂಡವಾಗಿತ್ತು. ನಮ್ಮ ಅತ್ತೆಯವರಿಗೆ ಕಣ್ಣಿನ ಪೊರೆ ತೆಗೆದಾಗ ಬರೆದುಕೊಟ್ಟಿದ್ದ ಹನಿ ಔಷಧ ಕಪಾಟಿನಲ್ಲಿ ಉಳಿದಿತ್ತು. ಅದನ್ನು ಹಾಕಿದೆ. ಎರಡು ದಿನದಲ್ಲಿ ಕೆಂಪು ಇಳಿಯಿತು. "ನೋಡಿದ್ಯಾ ಕೈಗುಣ?" ಎಂದೆ. ಕೆಂಪು ಇಳಿದರೆ ಕಾಯಿಲೆಯೂ ಇಳಿಯಿತು ಎಂದುಕೊಂಡಿದ್ದೆ. ಆ ಹನಿ ಮೇಲೆ ಕೆಂಪನ್ನು ಅಡಗಿಸಿ ಒಳಗೆ ಹುಣ್ಣನ್ನು ಸಾಕುತ್ತಿತ್ತು. ಐದನೆಯ ದಿನ ಅವನಿಗೆ ಕಿಟಕಿಯ ಬೆಳಕೂ ಸಹಿಸಲಾಗಲಿಲ್ಲ. ಗೋಡೆಗೆ ಮುಖ ಹಾಕಿ ಮಲಗಿಬಿಟ್ಟ. ಆಮೇಲೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ದೀಪ ಬಿಟ್ಟು ನೋಡಿ, "ಇದನ್ನ ಯಾರು ಕೆದಕಿದ್ದು?" ಎಂದು ಕೇಳಿದರು. ಅವನು ನನ್ನ ಕಡೆ ತಿರುಗಲೂ ಇಲ್ಲ. "ನಾನೇ ಉಜ್ಜಿಕೊಂಡೆ ಡಾಕ್ಟ್ರೇ" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮುಂದಿನ ವಾರ ಇನ್ನೊಬ್ಬ ಬಂದಾಗ ಅವನನ್ನೂ ಸ್ಟೂಲಿನ ಮೇಲೆ ಕೂರಿಸಿದೆ. ನಿಲ್ಲಿಸಿದರೆ ಏಕೆ ನಿಲ್ಲಿಸಿದೆ ಎಂದು ಕೇಳುತ್ತಾರಲ್ಲ? ಅದಕ್ಕೆ ನಿಲ್ಲಿಸಲಿಲ್ಲ. ಅಲ್ಲಿಂದೀಚೆಗೆ ಭಯಕ್ಕೆ ಒಂದೊಂದು ಕಣ್ಣಿಗೂ ಎರಡರಷ್ಟು ಹೊತ್ತು ತೆಗೆದುಕೊಂಡೆ. ನೀವು ಅದನ್ನು ನಾಜೂಕು ಎಂದಿರಿ.

ಮೂರನೆಯ ಸಾಲಿನಲ್ಲಿರುವ ನಮ್ಮ ಮನೆಯವಳಿಗೂ ಇದು ಈಗಲೇ ಗೊತ್ತಾಗುತ್ತಿದೆ. ಅವಳು ನನ್ನನ್ನು ನೋಡುತ್ತಿರುವ ರೀತಿ ನೋಡಿದರೆ, ನೀವು ಕೊಟ್ಟ ಗೋಡೆ ಗಡಿಯಾರಕ್ಕೆ ನಾನು ಇವತ್ತು ಬೇರೆ ಗೋಡೆ ಹುಡುಕಬೇಕು. ಭಾವಮೈದ ಅಲ್ಲಿಂದ ಕೈ ಮಾಡುತ್ತಿದ್ದಾನೆ, ಸಾಕು ಕೂತ್ಕೊಳ್ಳಿ ಎಂದು. ಹದಿನಾಲ್ಕು ವರ್ಷ ಕೂತೇ ಇದ್ದೆನಪ್ಪಾ. ಇವತ್ತೊಂದು ದಿನ ನಿಲ್ಲುತ್ತೇನೆ.

ಎರಡನೆಯ ಲೇತಿನ ತಮ್ಮಾ, ಡಬ್ಬಿಯ ಬದಲು ಇದನ್ನು ಇಟ್ಟುಕೋ. ಧೂಳು ಬಿದ್ದರೆ ಉಜ್ಜಬಾರದು, ಶುದ್ಧ ನೀರಿನಲ್ಲಿ ತೊಳೆಯಬೇಕು. ತೊಳೆದರೂ ಹೋಗದ್ದನ್ನು ಮುಟ್ಟಲೇಬಾರದು. ಆಸಿಡ್ಡೋ ಸುಣ್ಣವೋ ಹಾರಿದರೆ ಮಾತೇ ಬೇಡ, ನಲ್ಲಿಯ ಕೆಳಗೆ ಕಣ್ಣು ಬಿಟ್ಟುಕೊಂಡು ಅರ್ಧ ಗಂಟೆ ನಿಲ್ಲಿಸಿ ಆಮೇಲೆ ಆಸ್ಪತ್ರೆಗೆ ಓಡಿಸು. ಕೆಂಪಿನ ಜೊತೆಗೆ ನೋವಿದೆಯೇ, ಬೆಳಕು ಚುಚ್ಚುತ್ತದೆಯೇ, ದೃಷ್ಟಿ ಮಂಜಾಗಿದೆಯೇ ಎಂದು ಕೇಳು. ತಲೆ ಸಿಡಿದು ವಾಂತಿಯಾಗುತ್ತಿದ್ದರೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದ್ದರೆ, ನಾಳೆ ನೋಡೋಣ ಎನ್ನಬೇಡ. ಇನ್ನೊಬ್ಬರಿಗೆ ಬರೆದ ಹನಿಯನ್ನಂತೂ ಬಚ್ಚಲಿಗೆ ಚೆಲ್ಲು.

ನನ್ನ ತಪ್ಪನ್ನು ನಾನು ಹೊತ್ತುಕೊಂಡೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟು ಜನ ನನ್ನ ಸ್ಟೂಲಿಗೆ ಏಕೆ ಬಂದರು? ನನ್ನ ಮುಖದ ಅಂದ ನೋಡಿಯೇ? ಡಾಕ್ಟರ ಹತ್ತಿರ ಹೋಗಲು ಗೇಟಿನಲ್ಲಿ ಮೂರು ಸಹಿ ಬೇಕು, ಮೇಲೆ ಅರ್ಧ ದಿನದ ರಜೆ ಕಳೆಯುತ್ತಾರೆ. ನನ್ನ ಸ್ಟೂಲಿಗೆ ಸಹಿ ಬೇಡ. ಕಾರ್ಖಾನೆ ಕೊಟ್ಟ ಕನ್ನಡಕ ಗೀಚಿ ಗೀಚಿ ಮಂಜಾಗಿದೆ, ಹಾಕಿಕೊಂಡರೆ ಕೆಲಸ ಕಾಣುವುದಿಲ್ಲ. ಅದಕ್ಕೇ ಎಲ್ಲರೂ ಅದನ್ನು ಹಣೆಗೆ ಏರಿಸಿದ್ದಾರೆ.

ಮಾಲೀಕರೇ, ಬೆಳಗ್ಗೆ ನಿಮ್ಮ ಕೋಣೆಗೆ ಕರೆಸಿ, ಹೋಗುವಾಗ ಏನು ಬೇಕೋ ಕೇಳು ಎಂದಿರಿ. ಏನೂ ಬೇಡ ಸಾರ್ ಎಂದೆ. ಅಲ್ಲಿ ನಾವಿಬ್ಬರೇ ಇದ್ದೆವು, ಅದಕ್ಕೆ ಕೇಳಲಿಲ್ಲ. ಇಲ್ಲಿ ಮುನ್ನೂರು ಜನ ಇದ್ದಾರೆ, ಈಗ ಕೇಳುತ್ತೇನೆ. ಕಣ್ಣಿಗೆ ಪೆಟ್ಟಾದವರಿಗೆ ಸಹಿ ಕೇಳಬಾರದು, ರಜೆ ಕಳೆಯಬಾರದು. ಗೀಚು ಬಿದ್ದ ಕನ್ನಡಕ ಅವತ್ತೇ ಬದಲಾಗಬೇಕು. ಆಗುತ್ತದೆಯೇ ಸಾರ್?

ಮಾಲೀಕರು ನಗುತ್ತಿದ್ದಾರೆ. ನಕ್ಕರೆ ಸಾಲದು ಸಾರ್. ನಿಧಾನವಾಗಿ ಯೋಚನೆ ಮಾಡಿ, ನಾಳೆಯಿಂದ ನನಗೇನೂ ಕೆಲಸವಿಲ್ಲ, ಇಲ್ಲೇ ನಿಂತಿರುತ್ತೇನೆ.

ಹಾಂ, ತಲೆ ಆಡಿಸಿದರು. ನೀವೆಲ್ಲ ನೋಡಿದಿರಿ. ನನ್ನ ಭಾವಮೈದನೂ ನೋಡಿದ, ನಾನು ಉಳಿಸಿದ ಒಂದು ಕಣ್ಣಿನಲ್ಲಿ.

ಹಸಿದ ಹೊಟ್ಟೆಯಲ್ಲಿ ಇಷ್ಟನ್ನೂ ಕೇಳಿಸಿಕೊಂಡ ನಿಮಗೆ ನಾನು ಕೃತಜ್ಞ. ನನ್ನ ಭಾವಮೈದ ನನಗಿಂತ ಚಿಕ್ಕವನು. ಆದರೂ ನನ್ನ ಮೊದಲ ನಮಸ್ಕಾರ ಅವನಿಗೆ, ಆಮೇಲಿನದು ನಿಮಗೆಲ್ಲರಿಗೂ. ನಮಸ್ಕಾರ.