ಇನ್ನು ಆರು ಫೋನು

ಹೊಸೂರು ಬಸ್ ನಿಲ್ದಾಣದಲ್ಲಿ ಕೊರಳಿಗೆ ಕ್ಯೂಆರ್ ಕೋಡಿನ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ಪಕ್ಕದ ಹೆಂಗಸಿನ ಜೊತೆ ಮಾತಾಡುತ್ತಿದ್ದಳು.

"ಚಿಕ್ಕಮ್ಮ, ಯಾವ ಫೋನಾದ್ರೂ ಇದೊಂದೇ ಕೋಡಲ್ಲಿ ಆ್ಯಪ್ ಇಳೀತದೆ."

"ನೆನ್ನೇನೇ ಇಳಿಸ್ಕೊಂಡ್ನಲ್ಲೇ ಚಂದ್ರಿ. ಅಳಿಸಿ ಮತ್ತೆ ಹಾಕ್ಲಾ?"

"ಒಂದು ಫೋನು ಒಂದೇ ಸಲ ಲೆಕ್ಕ. ನಮ್ಮೂರ ಫೋನೆಲ್ಲ ಮುಗುದೋದ್ವು."

"ಇಲ್ಲಿರೋರ್ನ ಕೇಳು."

"ಮೋಸ ಅಂತ ಮುಖ ತಿರುಗಿಸ್ತಾರೆ."

ಸ್ವಲ್ಪ ಮುಂಚೆ ಕೇಳಿದಾಗ ಹಿಂದೆ ಕೂತಿದ್ದ ನಾನೂ ತಿರುಗಿಸಿದ್ದೆ.

"ಇನ್ನೆಷ್ಟು ಬೇಕು?"

"ಆರು. ಇವತ್ತು ಆಗ್ದಿದ್ರೆ ಈ ಆ್ಯಪ್ ಹಾಕ್ಸೋ ಕೆಲ್ಸ ಹೋಯ್ತದೆ. ಕೆಲ್ಸ ಹೋದ್ರೆ ಅಪ್ಪ ಆ ತೊರಪಲ್ಲಿ ಊರಿನ ಗಂಡಿಗೇ ಕಟ್ಬುಡ್ತಾನೆ."

"ಅವ್ರ ಮನೇಲೇ ಏಳು ಫೋನವೆ ಕಣೇ!"

ಚಿಕ್ಕಮ್ಮ ನಕ್ಕಳು. ಹುಡುಗಿ ನಗದೆ ಕೇಳಿದಳು.

"ಹೋಗೋಣ್ವಾ?"

"ನೀನಾಗೇ ಹೋದ್ರೆ ಒಪ್ಕೊಂಡ್ಲು ಅಂದ್ಕೋತಾರೆ."

"ಆರು ಗಂಟೆಗೆ ಲೆಕ್ಕ ಕೊಡ್ಬೇಕು. ಎದ್ದೇಳು."

ಅವರ ಊರಾದ ಗುಮ್ಮಳಾಪುರದ ಬಸ್ಸು ಬಂತು. ಇಬ್ಬರೂ ಅದನ್ನು ಬಿಟ್ಟು ತೊರಪಲ್ಲಿ ಬಸ್ಸು ಹತ್ತಿದರು.